ಡಿ ಆರ್ ಕಟ್ಟು

ನಮ್ಮಣ್ಣನಿಗೆ ಈಗ ನೀರು ಬೇಕಾದರೆ ಗೋಡೆಯಿಂದ ಶುರು ಮಾಡಬೇಕು. "ವಾಲ್ ಅಂದ್ರೆ ಗೋಡೆ. ವಾಕ್ ಅಂದ್ರೆ ನಡಿ. ವಾಶ್ ಅಂದ್ರೆ ತೊಳಿ. ವಾಟರ್ ಅಂದ್ರೆ ನೀರು." ಅಲ್ಲಿಗೆ ಬಂದು ನಿಂತು ಎಡಗೈಯನ್ನು ಚೊಂಬಿನ ಕಡೆ ಚಾಚುತ್ತಾನೆ. ಬಲಗೈ ಏಳುವುದಿಲ್ಲ. ಬರೀ "ನೀರು" ಅಂತ ಹೇಳು ನೋಡೋಣ ಎಂದರೆ ಬಾಯಿ ತೆರೆದುಕೊಂಡು ಸುಮ್ಮನೆ ಕೂರುತ್ತಾನೆ. ಸ್ಟ್ರೋಕ್ ಹೊಡೆದ ಮೇಲೆ ಅವನ ಕನ್ನಡವೆಲ್ಲ ಇಂಗ್ಲಿಷ್ ಪದಗಳ ಬಾಲ ಹಿಡಿದುಕೊಂಡೇ ಹೊರಗೆ ಬರುತ್ತಿದೆ.

"ಒಂದ್ ಲೋಟ ನೀರಿಗೆ ಊರೆಲ್ಲ ಸುತ್ಕೊಂಡ್ ಬತ್ತಾರಲ್ಲವ್ವ ನಿಮ್ಮಣ್ಣ" ಎಂದು ಅತ್ತಿಗೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅವನಿಗೆ ಈ ಗತಿ ಬಂದುದರಲ್ಲಿ ನನ್ನ ಪಾಲಿದೆ.

ಅಣ್ಣ ಮಾಗಡಿ ಕಡೆಯ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವನು. ಇಂಗ್ಲಿಷನ್ನು ಅವನು ಕಟ್ಟುಕಟ್ಟಾಗಿ ಕಲಿಸುತ್ತಿದ್ದ. ಒಂದೇ ಅಕ್ಷರಗಳಿಂದ ಶುರುವಾಗುವ ಸಣ್ಣ ಸಣ್ಣ ಪದಗಳೆಲ್ಲ ಸೇರಿ ಒಂದು ಕಟ್ಟು. ಬೆಳಿಗ್ಗೆ ಎದ್ದು ರೇಷ್ಮೆಹುಳುವಿಗೆ ಸೊಪ್ಪಿನ ಕಟ್ಟು ಹೊತ್ತು ಹಾಕಿ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಆ ಮಾತು ಸಲೀಸಾಗಿ ಹಿಡಿಯಿತು. "ಎಲ್ಲಿ, ಬಿ ಆರ್ ಕಟ್ಟು ಬಿಚ್ರಿ" ಎಂದರೆ ಸಾಕು, ಬ್ರೆಡ್ ಅಂದ್ರೆ ರೊಟ್ಟಿ, ಬ್ರಿಕ್ ಅಂದ್ರೆ ಇಟ್ಟಿಗೆ ಎಂದು ಹೆಂಚು ಹಾರುವ ಹಾಗೆ ಕೂಗುತ್ತಿದ್ದವು. ಟ್ರೈನಿಂಗ್ ಮುಗಿಸಿ ಬಂದ ಹೊಸದರಲ್ಲಿ ಈ ಕಟ್ಟುಗಳನ್ನೆಲ್ಲ ಅವನು ಮೊದಲು ಪ್ರಯೋಗ ಮಾಡಿದ್ದು ನನ್ನ ಮೇಲೆ. ತಪ್ಪಿದರೆ ತಲೆಗೆ ಮೊಟಕುತ್ತಿದ್ದ. ಸರಿ ಹೇಳಿದರೆ "ಹೂಂ, ಮುಂದಕ್ಕೆ" ಎನ್ನುತ್ತಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿ ಯಾವತ್ತೂ ಬಂದಿಲ್ಲ.

ಒಂದು ಕಾಲದಲ್ಲಿ ಅಣ್ಣ ಕುಡಿಯುತ್ತಿದ್ದ. ನಮ್ಮ ಚಿಕ್ಕಪ್ಪನ ಮಗಳ ಬೀಗರೂಟದಲ್ಲಿ ಕುಡಿದು, ಬೀಗರ ಮುಂದೆ ಎಲೆ ಮೇಲೆ ಬಿದ್ದು, ಮನೆಯವರೆಲ್ಲ ತಲೆ ತಗ್ಗಿಸುವ ಹಾಗೆ ಮಾಡಿದ್ದ. ಮಾರನೆಯ ವಾರವೇ ಕೆಂಗಲ್‌ಗೆ ಹೋಗಿ ಆಂಜನೇಯನ ಮುಂದೆ ಇನ್ನು ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಿ ಬಂದ. ಆಮೇಲೆ ಮುಟ್ಟಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಹೋದ ವರ್ಷ ಚನ್ನಪಟ್ಟಣದ ನಮ್ಮ ಮನೆಯಲ್ಲಿ ನನ್ನ ಮಗಳ ಬೀಗರೂಟ. ಮದುವೆಯ ಸಿಹಿಯೂಟವನ್ನು ಯಾರೂ ನೆನಪಿಡುವುದಿಲ್ಲ. ಬೀಗರೂಟದಲ್ಲಿ ಮುದ್ದೆ ಗಟ್ಟಿಯಾದರೆ, ಮಾಂಸದ ಚಾಕಣ ಒಂದು ಸಾಲಿಗೆ ಕಮ್ಮಿ ಬಿದ್ದರೆ, ಮೊಮ್ಮಕ್ಕಳ ಕಾಲಕ್ಕೂ ಅದೇ ಮಾತು. ನಾನು ಬೆಳಿಗ್ಗೆಯಿಂದ ಸಿಡಿಮಿಡಿ ಅಂತ ಓಡಾಡುತ್ತಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತಂತೂ ಅದಕ್ಕೂ ಮುಂದೆ ಇತ್ತು. ಹಿತ್ತಲಾಚೆ ನಿಲ್ಲಿಸಿದ್ದ ಟೆಂಪೋ ಮರೆಯಲ್ಲಿ ಗಂಡಸರ ಒಂದು ಗುಂಪು ಬಾಟಲಿ ತೆಗೆದುಕೊಂಡು ಕೂತಿತ್ತು. ಅಣ್ಣ ಆ ಕಡೆಯಿಂದಲೇ ಬಂದ. ಸೋದರಮಾವ ಅಲ್ಲವೇ, ಬೀಗರ ಸಾಲಿಗೆ ತಾನೇ ಸಾರು ಬಡಿಸುತ್ತೇನೆಂದು ಬಕೆಟ್ ಹಿಡಿದ. ಎರಡು ಎಲೆ ದಾಟುವಷ್ಟರಲ್ಲಿ ಸೌಟು ವಾಲಿ, ಸಾರು ಬೀಗರ ಬಿಳಿ ಪಂಚೆಯ ಮೇಲೆ ಹೋಯಿತು. ಅಣ್ಣ ಏನೋ ಹೇಳಲು ಹೋದ. ನಾಲಿಗೆ ತೊದಲಿತು.

ನಾನು ಅವನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದೆ. "ಇವತ್ತೂ ಹಾಕ್ಕೊಂಡ್ ಬಂದ್ಯಾ? ನನ್ ಮಾನ ಕಳೀಬೇಕು ಅಂತ್ಲೇ ಬಂದಿದ್ದೀಯಾ?" ಅವನು ತಲೆ ಆಡಿಸಿದ. ಬಾಯಿ ಒಂದು ಪಕ್ಕಕ್ಕೆ ಸರಿದಿತ್ತು. ಕುಡಿದವರ ಬಾಯಿ ಹಾಗಿರುವುದಿಲ್ಲ ಎಂದು ಈಗ ಯೋಚಿಸುತ್ತೇನೆ; ಆಗ ವಾಸನೆ ಸಹ ನೋಡಲಿಲ್ಲ. ಅಕ್ಕಿ ಮೂಟೆ ಇಟ್ಟಿದ್ದ ಕೋಣೆಗೆ ತಳ್ಳಿ, "ಬಿದ್ಕೊಂಡ್ ಇಳಿಸ್ಕೋ" ಎಂದು ಹೊರಗಿನಿಂದ ಚಿಲಕ ಹಾಕಿದೆ. ಕೇಳಿದವರಿಗೆಲ್ಲ ಅಣ್ಣ ಮಾಗಡಿಗೆ ಹೋದ ಎಂದೆ. ಅತ್ತಿಗೆಗೂ ಅದನ್ನೇ ಹೇಳಿದೆ.

ಬೀಗರಿಗೆ ಎಲೆ ಅಡಿಕೆ ಕೊಟ್ಟು, ಕಾರು ಹತ್ತಿಸಿ, ನಗುತ್ತ ಕೈ ಬೀಸಿ ಬಂದು ಚಿಲಕ ತೆಗೆದಾಗ ಹೊತ್ತು ಇಳಿದಿತ್ತು. ಅಣ್ಣ ಬಾಗಿಲ ಹತ್ತಿರವೇ ಬಿದ್ದಿದ್ದ. ಬಟ್ಟೆ ಒದ್ದೆಯಾಗಿತ್ತು. ಅತ್ತಿಗೆಗೆ, ಹೋಗದೆ ಇಲ್ಲೇ ಮಲಗಿಬಿಟ್ಟಿದ್ದಾನೆ ಎಂದೆ; ಚಿಲಕದ ಮಾತು ಎತ್ತಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಯಾವಾಗ ಶುರುವಾಯಿತು ಎಂದು ಕೇಳಿದರು. ಮಧ್ಯಾಹ್ನ ಎಂದೆ. ಬೇಗ ಬಂದಿದ್ದರೆ ಒಂದು ಇಂಜೆಕ್ಷನ್ ಇತ್ತು, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದರು. "ಊಟ ಬಡಿಸ್ತಿದ್ದೆ" ಎಂದೆ.

ರಾಮನಗರದಲ್ಲಿ ಮಾತು ಕಲಿಸುವ ಮೇಡಂ ಒಬ್ಬರು, ಇವರಿಗೆ ಬಾಯಿಪಾಠ ಆಗಿರುವುದನ್ನು ನೀವು ಶುರು ಮಾಡಿ, ಅವರು ಮುಗಿಸಬಹುದು ಎಂದರು. ಮಗ್ಗಿ ಎತ್ತಿಕೊಟ್ಟೆವು, ಅರ್ಧಕ್ಕೆ ನಿಂತಿತು. ನಾನು ಸುಮ್ಮನೆ "ಬ್ರೆಡ್ ಅಂದ್ರೆ?" ಎಂದೆ. "ರೊಟ್ಟಿ" ಎಂದ ಅಣ್ಣ. ಅಷ್ಟು ದಿನಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು. ಅತ್ತಿಗೆ ಗೋಡೆಗೆ ಒರಗಿ ಅತ್ತುಬಿಟ್ಟರು.

ಅಲ್ಲಿಂದ ವಾರವಾರವೂ ರಾಮನಗರದಲ್ಲಿ ಬಸ್ಸು ಬದಲಿಸಿಕೊಂಡು ಮಾಗಡಿ ಕಡೆಯ ಕಲ್ಯದ ಹತ್ತಿರದ ಅವನ ಮನೆಗೆ ಹೋಗುತ್ತೇನೆ. ಜಗಲಿಯಲ್ಲಿ ಕೂತು ಒಂದೊಂದೇ ಕಟ್ಟು ಬಿಚ್ಚುತ್ತೇವೆ. ಒಂದನ್ನು ಮಾತ್ರ ನಾನು ತೆಗೆಯುತ್ತಿರಲಿಲ್ಲ. ಡಿ ಆರ್ ಕಟ್ಟಿನಲ್ಲಿ ಡ್ರಿಂಕ್ ಇದೆ. ಅಣ್ಣ ಆಗಾಗ "ಡ್ರೈ ಅಂದ್ರೆ ಒಣ" ಎಂದು ತಾನೇ ಶುರು ಮಾಡುತ್ತಿದ್ದ. ನಾನು ತಕ್ಷಣ "ಅದು ಬ್ಯಾಡ ಬುಡಣ್ಣ, ಎಫ್ ಎಲ್ ಹೇಳು" ಎಂದು ಮಾತು ತಿರುಗಿಸುತ್ತಿದ್ದೆ. ಅವನು ನನ್ನ ಮುಖ ನೋಡಿ ಎಫ್ ಎಲ್ ಹಿಡಿಯುತ್ತಿದ್ದ. ಅವನಿಗೆ ಆ ದಿನ ನೆನಪಿದೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ.

ಹೋದ ತಿಂಗಳು ಬೀಗರು ಅಣ್ಣನನ್ನು ನೋಡಲು ಬಂದರು. ಒಳ್ಳೆಯವರು, ಕಿತ್ತಳೆ ಹಣ್ಣು ತಂದಿದ್ದರು. ಕಾಫಿ ಕುಡಿಯುತ್ತ ಬೀಗರು ಮರುಕದಿಂದಲೇ ಹೇಳಿದರು: "ಅವತ್ತು ಮೇಷ್ಟ್ರು ಒಸಿ ಜಾಸ್ತಿ ತಗೊಂಡ್ಬುಟ್ಟಿದ್ರು ಅನ್ಸುತ್ತೆ. ಅದೇ ಹೊಡ್ತ ಕೊಡ್ತು. ಇರ್ಲಿ ಬುಡಿ, ಬೀಗರೂಟ ಅಂದ್ಮೇಲೆ ಇದ್ದಿದ್ದೇ."

ಅಲ್ಲೇ ಬಾಯಿ ಬಿಡಬೇಕಿತ್ತು. ಅವನು ಕುಡಿದಿರಲಿಲ್ಲ ಎಂದರೆ, ಮತ್ತೆ ಸಂಜೆವರೆಗೆ ಅವನು ಎಲ್ಲಿದ್ದ ಎಂಬ ಪ್ರಶ್ನೆ ಬರುತ್ತದೆ. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ನಾನು "ಇನ್ನೊಂದ್ ಒಸಿ ಕಾಫಿ ಹಾಕ್ಲಾ?" ಎಂದು ಬೀಗರ ಲೋಟಕ್ಕೆ ಕೈ ಚಾಚಿದೆ.

"ಡ್ರೈ ಅಂದ್ರೆ ಒಣ" ಎಂದ ಅಣ್ಣ.

ಬೀಗರು ನಕ್ಕರು. "ಪಾಠ ಮರ್ತಿಲ್ಲ ನೋಡಿ ಮೇಷ್ಟ್ರು!"

"ಡ್ರಮ್ ಅಂದ್ರೆ ತಮಟೆ. ಡ್ರಾಪ್ ಅಂದ್ರೆ ಹನಿ. ಡ್ರೀಮ್ ಅಂದ್ರೆ ಕನಸು." ಅವನ ಹಣೆಯಲ್ಲಿ ಬೆವರು ಒಡೆದಿತ್ತು. ನನಗೆ ಅವನನ್ನು ತಡೆಯಲಾಗಲಿಲ್ಲ, ಅವನೂ ಈ ಸಲ ನಿಲ್ಲಿಸಲಿಲ್ಲ. "ಡ್ರಿಂಕ್ ಅಂದ್ರೆ ಕುಡಿ." ಅಲ್ಲಿ ನಿಂತ. ಎಡಗೈ ಎತ್ತಿ ಬೀಗರ ಕಡೆ ಅಲ್ಲ, ನನ್ನ ಕಡೆ ಅಲ್ಲಾಡಿಸಿದ. "ಕುಡಿ... ಇಲ್ಲ. ಇಲ್ಲ ಕಣವ್ವ."

ಇಷ್ಟು ತಿಂಗಳು ಅವನು ಆ ಕಟ್ಟನ್ನು ಎತ್ತಿಕೊಳ್ಳುತ್ತಿದ್ದದ್ದು ಇದನ್ನು ಹೇಳುವುದಕ್ಕೆ. ಅವನು ಕುಡಿದಿರಲಿಲ್ಲ, ತೊದಲಿದ್ದು ಸ್ಟ್ರೋಕಿನಿಂದ ಎಂದು ಆಸ್ಪತ್ರೆಯಲ್ಲೇ ನನಗೆ ಗೊತ್ತಾಗಿತ್ತು. ನನಗೆ ಗೊತ್ತು ಎಂದು ಅವನಿಗೆ ಒಂದೇ ಒಂದು ಸಲ ಹೇಳಿರಲಿಲ್ಲ.

"ನನ್ನಣ್ಣ ಕುಡ್ದಿರ್ನಿಲ್ಲ" ಎಂದೆ ಬೀಗರಿಗೆ. "ಕೆಂಗಲ್‌ನಲ್ಲಿ ಆಣೆ ಮಾಡಿದ್ಮೇಲೆ ಮುಟ್ಟೇ ಇಲ್ಲ. ಕುಡ್ದವ್ನೆ ಅಂದ್ಕೊಂಡು ಕೋಣೇಲಿ ಕೂಡಾಕಿದ್ದು ನಾನು. ನಿಮ್ ಮುಂದೆ ಮಾನ ಹೋಯ್ತದೆ ಅಂತ." ಬೀಗರು ಲೋಟ ಕೆಳಗಿಟ್ಟರು. ಅತ್ತಿಗೆ ಎದ್ದು ಒಳಗೆ ಹೋದರು.

ಅಣ್ಣ ನನ್ನ ಕಡೆ ತಿರುಗಿದ. ಆಮೇಲೆ, ಚಿಕ್ಕಂದಿನಲ್ಲಿ ನಾನು ಸರಿಯಾಗಿ ಒಪ್ಪಿಸಿದಾಗ ಅನ್ನುತ್ತಿದ್ದ ಹಾಗೇ, "ಹೂಂ" ಎಂದ.

"ಮುಂದಕ್ಕೆ" ಅನ್ನಲಿಲ್ಲ. ನಾನು ಕಾಯುತ್ತ ಕೂತಿದ್ದೆ.