ಸುಲೋಚನಮ್ಮ ಆರಿಸಿದ ದೀಪ

ಮೊಮ್ಮಗಳು ಕೃತಿಕಾ ಆಸೆಪಟ್ಟು ತರಿಸಿದ ಪುಸ್ತಕವನ್ನು ಸುಲೋಚನಮ್ಮ ಅದು ಮನೆಗೆ ಬಂದ ದಿನವೇ ಸೌದೆ ಕೊಟ್ಟಿಗೆಗೆ ಸಾಗಿಸಿಬಿಟ್ಟಿದ್ದರು. ರಟ್ಟಿನ ಮೇಲೆ ಬಣ್ಣವಿಲ್ಲ, ಬರೀ ಕಪ್ಪು ಗೆರೆಯ ಚಿತ್ರ. ಬುರುಡೆಗಳ ರಾಶಿ, ಅದರ ಮೇಲೆ ರೆಕ್ಕೆ ಬಂದ ಉಡದಂಥ ಪ್ರಾಣಿ, ಕೆಳಗೆ ದೀಪ ಹಿಡಿದ ಇರುವೆಯಷ್ಟು ಮನುಷ್ಯರು. ಒಳಗೆಲ್ಲ ಇಂಗ್ಲಿಷು. ಸುಲೋಚನಮ್ಮ ಯಸಳೂರಿನ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಟಿ ಕೆಳಗಿಟ್ಟವರು. ಅಕ್ಷರ ಬಾರದ ಪುಸ್ತಕದಲ್ಲಿ ಚಿತ್ರವೇ ತಾನೆ ಮಾತಾಡುವುದು? ಲಿಂಗಪೂಜೆ ನಡೆಯುವ ಮನೆಯಲ್ಲಿ ಬುರುಡೆ ಬೇಡ ಎಂದು ಅವರಿಗೆ ಅನ್ನಿಸಿತು, ಅಷ್ಟೆ.

ಹುಡುಕಿ ಹುಡುಕಿ ಕೃತಿಕಾ ಅದನ್ನು ಪತ್ತೆ ಮಾಡುವ ಹೊತ್ತಿಗೆ ಬೆಕ್ಕು ಅದರ ಮೇಲೆ ಮಲಗಿ, ರಟ್ಟಿನ ಒಂದು ಮೂಲೆಯನ್ನು ಚೆನ್ನಾಗಿ ಕೆರೆದಿತ್ತು. ಹುಡುಗಿ ಕೂಗಾಡಿದ್ದರೆ ಸುಲೋಚನಮ್ಮನಿಗೆ ಹಗುರಾಗುತ್ತಿತ್ತು. ಅವಳು ಸೆರಗಿನಂತೆ ಹೊದ್ದ ವೇಲಿನಿಂದ ಪುಸ್ತಕದ ಧೂಳು ಒರೆಸಿ, "ಅಜ್ಜಿ, ಭಾನುವಾರ ನೀವೂ ಆಟಕ್ಕೆ ಕೂತ್ಕಳಿ. ನೋಡ್ಬುಟ್ಟು ಆಮೇಲೆ ಬೈಯಿರಿ," ಎಂದಳು.

ಹಾಗಾಗಿ ಭಾನುವಾರ ಊಟವಾದ ಮೇಲೆ ನಡುಮನೆಯ ಚಾಪೆಯ ಮೇಲೆ ನಾಲ್ವರು ಕೂತರು. ದೋಣಿಗಲ್ ಹತ್ತಿರದ ಹೋಂಸ್ಟೇಯಲ್ಲಿ ಕೆಲಸ ಮಾಡುತ್ತ ಅತಿಥಿಗಳಿಂದ ಈ ಆಟ ಕಲಿತ ಕೃತಿಕಾ. ಅವಳ ತಾಯಿ, ಅಂದರೆ ಸುಲೋಚನಮ್ಮನ ಸೊಸೆ ಶಿವಲೀಲಾ. ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಅಂದರೆ ಮಸ್ಟರ್, ಬರೆಯುವ ರೈಟರ್ ರವಿಚಂದ್ರ. ಮತ್ತು ಗೋಡೆಗೆ ಒರಗಿಕೊಂಡ ಸುಲೋಚನಮ್ಮ.

"ಇದು ಹಳೇ ಕಾಲದ ಆಟದ ಥರ ಬರ್ದಿರೋ ಹೊಸ ಆಟದ ಪುಸ್ತಕ," ಎಂದು ಕೃತಿಕಾ ಶುರುಮಾಡಿದಳು. "ನಾನು ಕಥೆ ಹೇಳ್ತೀನಿ. ನೀವು ಅದರೊಳಗಿನ ಜನ. ಏನು ಮಾಡ್ತೀರಿ ಅಂತ ನೀವೇ ಹೇಳ್ಬೇಕು. ಇದ್ರಲ್ಲಿ ಸಾಯೋದು ಸುಲಭ, ಬದುಕೋದು ಕಷ್ಟ."

"ಅದಕ್ಕೆ ಪುಸ್ತಕ ಯಾಕಮ್ಮ ಬೇಕಿತ್ತು, ಎಸ್ಟೇಟ್ ಕೆಲಸ ಸಾಲ್ದಾ?" ಎಂದ ರವಿಚಂದ್ರ.

ದಾಳಗಳನ್ನು ಚಾಪೆಯ ಮೇಲೆ ಸುರಿದಾಗ ಸುಲೋಚನಮ್ಮನಿಗೆ ನಗು ಬಂತು. ಚೌಕಾಬಾರ ಆಡಿದ ಕೈ ಅವರದು, ಕವಡೆ ಗೊತ್ತು, ಹುಣಸೆಬೀಜ ಗೊತ್ತು. ಇವು ನೆಲ್ಲಿಕಾಯಿಗೆ ಮುಖ ಕೆತ್ತಿದಂತಿದ್ದವು. ಉರುಳಿಸಿದರೆ, ಕಥೆಯಲ್ಲಿ ತಾವಾಗುವ ಮನುಷ್ಯರಿಗೆ ಬಿದ್ದಷ್ಟೇ ಬಲ, ಬಿದ್ದಷ್ಟೇ ಬುದ್ಧಿ, ಬದಲಾಯಿಸುವ ಹಾಗಿಲ್ಲ. ಅವರ ಪಾಲಿಗೆ ಬಂದದ್ದು ಬಲವಿಲ್ಲದ ಒಬ್ಬ ಮುದುಕಿ.

"ನಾನಿರೋದೇ ಹಂಗೆ ಕಣೆ. ಇದಕ್ಕೆ ನೆಲ್ಲಿಕಾಯಿ ಯಾಕೆ ಬೇಕಿತ್ತು?" ಎಂದರು. ಎಲ್ಲರೂ ನಕ್ಕರು. ಕತ್ತಿ ಎತ್ತಲಾರದವಳು ದೀಪ ಹಿಡಿಯಲಿ ಎಂದು ಕೃತಿಕಾ ತೀರ್ಮಾನಿಸಿದಳು. ಶಿವಲೀಲಾಳಿಗೆ ಮಾತ್ರ ಗಟ್ಟಿಯಾಗಿ ಬಿತ್ತು. ಅವಳು ಕತ್ತಿ ಹಿಡಿದ ಹೆಂಗಸಾದಳು. ತನ್ನ ತವರಿನ ತೋಟದಲ್ಲಿ ಒಂದೇ ಕೂಗಿಗೆ ಮಂಗಗಳ ಹಿಂಡನ್ನೇ ಓಡಿಸುತ್ತಿದ್ದ ಹುಲಿಯಮ್ಮನ ಹೆಸರನ್ನೇ ಆ ಹೆಂಗಸಿಗೆ ಇಟ್ಟಳು. ಅರಸೀಕೆರೆ ಕಡೆಯ ಬಯಲಿನಿಂದ ಬಂದ ಈ ಸೊಸೆ ಇಷ್ಟು ದೊಡ್ಡ ದನಿಯಲ್ಲಿ ಮಾತಾಡುವುದನ್ನು ಸುಲೋಚನಮ್ಮ ಈ ಮನೆಯಲ್ಲಿ ಕೇಳಿರಲಿಲ್ಲ.

ಕೃತಿಕಾ ಹೇಳುತ್ತ ಹೋದಳು. ಗುಡ್ಡದ ಹೊಟ್ಟೆಯಲ್ಲಿ ಕಲ್ಲಿನ ದಾರಿ. ಗೋಡೆ ತುಂಬ ನೀರು ಜಿನುಗು. ಹುಲಿಯಮ್ಮ ಮುಂದೆ ಮುಂದೆ ನುಗ್ಗಿದಳು. ಕಾಲಡಿಯ ಹಲಗೆ ಮುರಿದು ಒಂದು ಗುಂಡಿಗೆ ಬಿದ್ದಳು. ರವಿಚಂದ್ರ ಹಗ್ಗ ಇಳಿಬಿಟ್ಟ. ಅವಳು ಅರ್ಧ ಹತ್ತಿದ್ದಳು. ಅಷ್ಟರಲ್ಲಿ ಕೃತಿಕಾ ದನಿ ತಗ್ಗಿಸಿ, "ಹಿಂದಿನಿಂದ ಏನೋ ಬರ್ತಾ ಐತೆ. ದಪ್ಪ ಉಸಿರು. ಕಲ್ಲಿಗೆ ಮೈ ಉಜ್ಜೋ ಸದ್ದು. ಅಜ್ಜಿ, ದೀಪ ನಿಮ್ಮ ಕೈಲೈತೆ. ಏನು ಮಾಡ್ತೀರಿ?" ಎಂದಳು.

ಸುಲೋಚನಮ್ಮನಿಗೆ ಯೋಚಿಸಬೇಕಾಗಲೇ ಇಲ್ಲ. ಆ ಉಸಿರು ಅವರಿಗೆ ಗೊತ್ತಿತ್ತು. ಗಂಡ ಶಾಂತಮಲ್ಲಪ್ಪ ಬದುಕಿದ್ದಾಗ ಹೆತ್ತೂರಿನಿಂದ ನಡೆದು ಬರುವಾಗ ಒಂದು ಮುಸ್ಸಂಜೆ ಕಾಫಿ ಗಿಡಗಳ ನಡುವೆ ಅದೇ ಉಸಿರು, ಅದೇ ಮೈ ಉಜ್ಜುವ ಸದ್ದು. ಅವರು ಟಾರ್ಚ್ ಆರಿಸಿ, ಹೆಂಡತಿಯ ಕೈ ಹಿಸುಕಿ ಹಿಡಿದು, ಕಲ್ಲಿನಂತೆ ನಿಂತಿದ್ದರು. ಆನೆ ಪಕ್ಕದಲ್ಲೇ ದಾಟಿ ಹೋಯಿತು. ಬೆಳಕು ಬಿಟ್ಟವರ ಮೇಲೇ ಆನೆ ಬರುತ್ತದೆ ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು.

"ದೀಪ ಆರಿಸ್ತೀನಿ. ಸುಮ್ನೆ ನಿಂತ್ಕತೀನಿ," ಎಂದರು.

"ಅತ್ತೆ, ಬೇಡಿ! ದೀಪ ಬೇಕು, ದೀಪ!" ಶಿವಲೀಲಾ ಮೊಣಕಾಲ ಮೇಲೆ ಎದ್ದೇಬಿಟ್ಟಳು.

ಸುಲೋಚನಮ್ಮ ಅವಳ ಕಡೆ ತಿರುಗಲೂ ಇಲ್ಲ. "ಆರಿಸ್ಬುಟ್ಟೆ," ಎಂದರು.

ಕೃತಿಕಾ ಪುಸ್ತಕ ನೋಡಿದಳು, ತುಟಿ ಕಚ್ಚಿಕೊಂಡಳು. ನೆಲದಡಿಯ ಆ ಪ್ರಾಣಿಗಳಿಗೆ ಕತ್ತಲಲ್ಲೇ ಕಣ್ಣು ಕಾಣುವುದಂತೆ, ಅವು ಹೆದರುವುದು ಬೆಂಕಿಯೊಂದಕ್ಕೇ ಅಂತೆ. ದಾಳ ಉರುಳಿತು. ಹಗ್ಗ ಹಿಡಿದಿದ್ದ ರವಿಚಂದ್ರ ಮೊದಲು ಸತ್ತ. ಹಗ್ಗದ ಜೊತೆ ಹುಲಿಯಮ್ಮ ಗುಂಡಿಯ ತಳಕ್ಕೆ ಬಿದ್ದು ಸತ್ತಳು. ಕೊನೆಗೆ ಅಲ್ಲಾಡದೆ ನಿಂತ ಮುದುಕಿಯೂ ಸತ್ತಳು.

"ಆನೆ ಅಂದ್ಕಂಡ್ರಾ ದೊಡ್ಡಮ್ಮ? ಬಂದಿದ್ದು ಅದರಪ್ಪ!" ರವಿಚಂದ್ರ ಹೊಟ್ಟೆ ಹಿಡಿದು ನಕ್ಕ. "ನಾನು ಸತ್ರೂ ನಾಳೆ ಮಸ್ಟರ್ ತಪ್ಪಲ್ಲ ಬಿಡಿ ಮಾರಾಯ್ರೆ."

ಶಿವಲೀಲಾ ನಗಲಿಲ್ಲ. ಕಾಫಿ ಮಾಡುತ್ತೇನೆಂದು ಎದ್ದು ಒಳಗೆ ಹೋದಳು.

ಆಟವೆಂದರೆ ಆಟ, ಆದರೂ ಸುಲೋಚನಮ್ಮನಿಗೆ ಕೂರಲಾಗಲಿಲ್ಲ. ಸೊಂಟ ಹಿಡಿದುಕೊಂಡು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು.

"ಲೀಲಾ, ನಿನ್ನ ಹುಲಿಯಮ್ಮನ್ನ ನಾನೇ ಸಾಯಿಸ್ಬುಟ್ಟೆ ಕಣೆ."

"ಆಟ ಅಲ್ವಾ ಅತ್ತೆ, ಹೋಗ್ಲಿ ಬಿಡಿ." ಅವಳು ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದಳು. "ಇನ್ನೇನು ಮೇಲೆ ಬಂದಿದ್ಲು," ಎಂದಳು. ಆಮೇಲೆ, "ಕೂಗಿದ್ನಲ್ಲ ಅತ್ತೆ. ಕೇಳಿಸ್ಲಿಲ್ವಾ ನಿಮ್ಗೆ?"

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು. ಬಯಲುಸೀಮೆಯವಳಿಗೆ ಕಾಡಿನ ವಿಷಯ ಏನು ಗೊತ್ತು ಎಂದು ಆ ಕ್ಷಣ ಮನಸ್ಸು ಅಂದಿದ್ದೂ ಅವರಿಗೆ ನೆನಪಿತ್ತು. ಈ ಮಾತು ಮನಸ್ಸಿಗೆ ಬಂದದ್ದು ಇದೇ ಮೊದಲಲ್ಲ. ಮೆಣಸು ಒಣಗಿಸುವಾಗ ಮೋಡ ನೋಡಿ ಶಿವಲೀಲಾ ಎಚ್ಚರಿಸಿದ್ದಳು, ಬಯಲವಳ ಮಾತು ಎಂದು ಬಿಟ್ಟಿದ್ದರು, ಕಣದ ಮೆಣಸೆಲ್ಲ ನೆನೆದಿತ್ತು. ತನ್ನ ಗಂಡ ದಯಾನಂದನ ಜ್ವರ ಬರೀ ಜ್ವರವಲ್ಲ ಎಂದು ಅವಳು ಅತ್ತಾಗಲೂ ಕಷಾಯವನ್ನೇ ಕಾಯಿಸಿದ್ದರು. ಕಡೆಗೆ ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲರೆದುರು ಕೇಳಿದ್ದರು, ಇಷ್ಟು ದಿನ ಏನು ಮಾಡ್ತಿದ್ರಿ ಅಂತ. ಆಗಲೂ ಶಿವಲೀಲಾ ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದಳೇ ಹೊರತು ಅತ್ತೆಯ ಹೆಸರು ಹೇಳಿರಲಿಲ್ಲ. ಬದುಕಿ ಬಂದ ಮಗ ಈಗ ಹೊರಗೆ ಕಾಫಿ ಗಿಡದ ರೆಂಬೆ ಸವರುತ್ತಿದ್ದ. ಅವನ ಕತ್ತಿಯ ಸದ್ದು ಅಡುಗೆಮನೆಗೆ ಕೇಳುತ್ತಿತ್ತು.

"ಕೇಳಿಸ್ತು ಕಣೆ," ಎಂದರು ಸುಲೋಚನಮ್ಮ. ಶಿವಲೀಲಾ ಉಕ್ಕುವ ಹಾಲಿಗೆ ಉರಿ ಸಣ್ಣ ಮಾಡಿದಳು.

ಕಾಫಿ ಕುಡಿದು ಮತ್ತೆ ದಾಳ ಉರುಳಿಸಿ ಹೊಸ ಜನ ಮಾಡಿಕೊಂಡರು. ದೀಪ ಯಾರಿಗೆ ಎಂಬಲ್ಲಿಗೆ ಬಂದಾಗ ರವಿಚಂದ್ರ ಛಾವಣಿ ನೋಡಿದ. ಸುಲೋಚನಮ್ಮ ಚಾಪೆಯ ಅಂಚು ಕೀಳುತ್ತ ಕೂತರು.

"ಅತ್ತೆ ಕೈಲೇ ಇರ್ಲಿ," ಎಂದಳು ಶಿವಲೀಲಾ, ಯಾರ ಮುಖವನ್ನೂ ನೋಡದೆ.

ಅದೇ ಗುಡ್ಡ, ಅದೇ ಕಲ್ಲಿನ ದಾರಿ. ಗುಂಡಿಯನ್ನು ಸುತ್ತಿ ದಾಟುವ ಹೊತ್ತಿಗೆ ಅದೇ ದಪ್ಪ ಉಸಿರು. "ಅಜ್ಜಿ, ಏನು ಮಾಡ್ತೀರಿ?" ಎಂದಳು ಕೃತಿಕಾ.

ಸುಲೋಚನಮ್ಮನ ಮೈಯೆಲ್ಲ ಆರಿಸು ಆರಿಸು ಎನ್ನುತ್ತಿತ್ತು. ಅವರು ಸೊಸೆಯ ಕಡೆ ತಿರುಗಿದರು.

"ಏನು ಮಾಡ್ಲೇ, ಲೀಲಾ?"

ಕೃತಿಕಾ ಪುಸ್ತಕದಿಂದ ತಲೆ ಎತ್ತಿದಳು. ಆ ಮನೆಯಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಶಿವಲೀಲಾಳ ಉತ್ತರ ಬರುವವರೆಗೂ ಸುಲೋಚನಮ್ಮ ತಲೆ ತಗ್ಗಿಸಿ ಕಾದರು.

"ಎತ್ತಿ ಹಿಡೀರಿ ಅತ್ತೆ," ಎಂದಳು ಕೊನೆಗೆ. "ಇಳಿಸ್ಬೇಡಿ."

ಸುಲೋಚನಮ್ಮ ಬರಿಯ ಮುಷ್ಟಿಯನ್ನು ತಲೆಗಿಂತ ಮೇಲೆ ಎತ್ತಿದರು. ಬಾಯಲ್ಲಿ ಹೇಳಿದರೆ ಸಾಕು ಅಜ್ಜಿ ಎಂದು ಕೃತಿಕಾ ಹೇಳಿದರೂ ಕೇಳಲಿಲ್ಲ. ದಾಳ ಉರುಳಿ ನಿಲ್ಲುವವರೆಗೂ ಅವರು ತೋಳು ಇಳಿಸಲಿಲ್ಲ.