ಅಕ್ಕ ಹುಡುಕಿದ ಒರತೆ

ಎಪ್ಪತ್ತೆಂಟು ದಾಟಿದ ನನ್ನಕ್ಕ ಕಳೆದ ವಾರ ರೇಷ್ಮೆ ಸೀರೆಯುಟ್ಟು, ಹೊಳೆಯ ನಡುವೆ ಕೂತು ತೆಂಗಿನ ಚಿಪ್ಪಿನಿಂದ ನೆಲ ಕೆರೆಯುತ್ತಿದ್ದಳು. ಮೊಮ್ಮಗಳ ಮದುವೆ. ಚಪ್ಪರದ ದಿನ ಗಂಗೆ ತರಬೇಕು. ಅದೂ ಹೊಳೆಯ ಒರತೆಯಿಂದಲೇ ಆಗಬೇಕು!

ಹೊಳೆ ಎಂದರೆ ನಮ್ಮ ಕುಮುದ್ವತಿ. (ಬೆಂಗಳೂರಿನಲ್ಲಿ ಈ ಹೆಸರು ಹೇಳಿದರೆ ಯಾವ ಲೇಔಟು ಎಂದು ಕೇಳುತ್ತಾರೆ.) ಶಿವಗಂಗೆ ಬೆಟ್ಟದಲ್ಲಿ ಹುಟ್ಟಿ, ನೆಲಮಂಗಲದ ಕಡೆಯ ಕೆರೆಗಳನ್ನು ತುಂಬಿಸಿ, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುವ ಪುಟ್ಟ ಹೊಳೆ. ಬೈಕಿನಲ್ಲಿ ಹೊರಟರೆ ಒಂದೇ ಹಗಲಿನಲ್ಲಿ ಅದರ ಹುಟ್ಟು, ಕೊನೆ ಎರಡನ್ನೂ ನೋಡಿ ಬರಬಹುದು. ಬೇಸಿಗೆಯಲ್ಲಿ ಹರಿಯದಿದ್ದರೂ ಮರಳನ್ನು ಮೊಳದಷ್ಟು ಕೆರೆದರೆ ಸಾಕು, ತಣ್ಣನೆಯ ನೀರು ಜಿನುಗುತ್ತಿತ್ತು. ಮಳೆಗಾಲದ ನೀರನ್ನು ಆ ಮರಳು ಹಿಡಿದಿಟ್ಟುಕೊಳ್ಳುತ್ತಿತ್ತು.

ಈಗ ಮರಳೆಲ್ಲಿ? ಜೇಡಿಮಣ್ಣು, ಜಾಲಿಮುಳ್ಳು, ಪ್ಲಾಸ್ಟಿಕ್.

"ಅತ್ತೇ, ಬೋರ್‌ವೆಲ್ ಕೊರೀತಿದೀರಾ? ಏಳಿ, ಕ್ಯಾನ್ ನೀರು ತಂದಿದೀನಿ," ಎಂದು ಸೊಸೆ ನಕ್ಕಳು. ಜೊತೆಗಿದ್ದ ಹೆಂಗಸರೂ ನಕ್ಕರು.

ಅಕ್ಕ ನಗಲಿಲ್ಲ. ನನ್ನ ಕಡೆ ತಿರುಗಿ, "ದೊಡ್ಡ ಮೊಮ್ಮಗಳ ಮದ್ವೇಲಿ ಮಂಡಿನೋವು ಅಂತ ನಲ್ಲಿ ನೀರಲ್ಲೇ ಶಾಸ್ತ್ರ ಮುಗಿಸ್ಬಿಟ್ಟೆ ಕಣೋ. ಗಂಗಮ್ಮ ಮುನಿಸ್ಕೊಂಡವ್ಳೆ. ನಂದೇ ತಪ್ಪು," ಎಂದಳು. ಒಣನೆಲಕ್ಕೆ ಕೈಮುಗಿದು ಪಟಪಟ ಗಲ್ಲ ಬಡಿದುಕೊಂಡಳು.

ನಾನು ಬಿಂದಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಆ ಮರಳನ್ನು ಹೊತ್ತೊಯ್ದವನು ನಾನು. ನಾನೊಬ್ಬನೇ ಅಲ್ಲ, ನಿಜ. ಆದರೆ ಅಕ್ಕ ಕೂತಿದ್ದ ಜಾಗದಲ್ಲಿ ಮೊದಲು ಟ್ರ್ಯಾಕ್ಟರ್ ಇಳಿಸಿದವನು ನಾನೇ. ವರ್ಷಗಟ್ಟಲೆ ಬೆಂಗಳೂರಿನ ಕಟ್ಟಡಗಳಿಗೆ ತುಂಬಿ ಕಳಿಸಿದೆ. ಮರಳು ಮುಗಿದ ಮೇಲೆ ದಡದ ಮಣ್ಣನ್ನೂ ತೊಳೆದು ಫಿಲ್ಟರ್ ಮರಳು ಮಾಡಿದೆ. ತೊಳೆದದ್ದು ಯಾವ ನೀರಿನಲ್ಲಿ? ಅದೇ ಹೊಳೆಯ ನೀರಿನಲ್ಲಿ! ಟ್ರ್ಯಾಕ್ಟರ್ ಯಾಕೆ ಓಡಾಡ್ತಿದೆ ಎಂದು ಅಕ್ಕ ಕೇಳಿದಾಗಲೆಲ್ಲ, "ತೋಟಕ್ಕೆ ಗೊಬ್ಬರ ಹೊಡೀತಿದೀನಿ ಕಣಕ್ಕ," ಎನ್ನುತ್ತಿದ್ದೆ. ನಂಬಿದಳು.

ತಪ್ಪು ನಿನ್ನದಲ್ಲ ಎಂದು ಅವತ್ತಾದರೂ ಹೇಳಬಹುದಿತ್ತು. ಎರಡು ಮಾತು, ಅಷ್ಟೇ. ಬಾಯಿಗೆ ಬಂದದ್ದು ಮಾತ್ರ, "ಏಳಕ್ಕ, ಹೊತ್ತಾಯ್ತು."

ಅಕ್ಕ ಕ್ಯಾನ್ ನೀರನ್ನು ತಾನು ಕೆರೆದ ಗುಂಡಿಗೇ ಸುರಿಸಿದಳು. ಅರಿಸಿನ ಕುಂಕುಮವಿಟ್ಟಳು. ಮಣ್ಣು ಬೆರೆತ ಆ ನೀರನ್ನು ಬೊಗಸೆಯಿಂದ ಎತ್ತಿ ಎತ್ತಿ ಬಿಂದಿಗೆಗೆ ತುಂಬಿದಳು. ಹೊಳೆಯಿಂದಲೇ ತಂದ ಹಾಗಾಯಿತು ಎಂದುಕೊಂಡಿರಬೇಕು.

ಇಲ್ಲಿ, ನಿಮ್ಮೆಲ್ಲರ ಮುಂದೆ, ತಪ್ಪು ಒಪ್ಪಿಕೊಂಡಿದ್ದೇನೆ. ಅಕ್ಕನಿಗೆ ಓದಲು ಬರುವುದಿಲ್ಲ. ಅದಕ್ಕೇ ನನಗಿಷ್ಟು ಧೈರ್ಯ ಬಂತೇ?