ಕರುವಿನ ನಾಲಿಗೆಯ ನೀಲಿ

ನೀಲಿ ಎಂದರೆ ಆಕಾಶ, ನೀಲಿ ಎಂದರೆ ದೇವರ ಮೈಬಣ್ಣ ಎಂದು ಓದಿದವರು ಹೇಳುತ್ತಾರೆ. ಹೇಳಲಿ, ಅವರಿಗೇನು. ನಾನು ಆ ಬಣ್ಣದ ಸೀರೆಯನ್ನು ಇವತ್ತಿಗೂ ಉಟ್ಟಿಲ್ಲ.

ಆಗಿನ್ನೂ ಬಿಳಿ ದೊರೆಗಳ ಕಾಲ. ಮಲ್ಲಂದೂರಿನ ಹತ್ತಿರದ ಎಸ್ಟೇಟಿನಲ್ಲಿ ಅಪ್ಪ ಕಾಫಿ ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದ. ನನಗೆ ಒಂಬತ್ತು ವರ್ಷ. ಅವ್ವ ತಮ್ಮನನ್ನು ಹೆತ್ತವಳೇ ಜ್ವರ ಹಿಡಿದು ಮಲಗಿದಳು, ಎದೆಹಾಲು ಬತ್ತಿತು. ಕೂಸು ಬದುಕಿದ್ದದ್ದು ನಮ್ಮ ಒಂದೇ ಹಸುವಿನ ಹಾಲಿನಿಂದ.

ದೀಪಾವಳಿ ಬಂತು. ಗೋಪೂಜೆಯ ದಿನ ಬಟ್ಟಲಿನ ಬಾಯನ್ನು ಕೆಮ್ಮಣ್ಣಿನಲ್ಲಿ, ಜೇಡಿಯಲ್ಲಿ ಅದ್ದಿ ಹಸುವಿನ ಮೈಮೇಲೆ ಅಚ್ಚು ಒತ್ತುವುದು ನಮ್ಮ ಕಡೆಯ ಪದ್ಧತಿ. ಅವ್ವ ಮಲಗಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯ ಪಟದಲ್ಲಿ ಹಸು ಕಾಯುವ ಕೃಷ್ಣ ನೀಲಿಯಾಗಿ ನಿಂತಿದ್ದ. ಆ ಬಣ್ಣ ಹಚ್ಚಿದರೆ ಹಾಲು ಹೆಚ್ಚೀತು, ಅವ್ವನೂ ಎದ್ದಾಳು ಅನ್ನಿಸಿತು. ವಿಷ ನುಂಗಿದ ಶಿವನ ಕಂಠವೂ ನೀಲಿಯೇ ಎಂಬುದು ಆಗ ನೆನಪಾಗಲಿಲ್ಲ. ಹಸುವಿನ ಗೊರಸಿನ ಹುಣ್ಣಿಗೆಂದು ಅಪ್ಪ ಎಸ್ಟೇಟಿನ ಉಗ್ರಾಣದಿಂದ ಯಾರಿಗೂ ಹೇಳದೆ ಗಿಡಕ್ಕೆ ಹೊಡೆಯುವ ನೀಲಿ ಮೈಲುತುತ್ತದ ಒಂದು ಉಂಡೆ ತಂದು ಸೂರಿಗೆ ಸಿಕ್ಕಿಸಿದ್ದ. ಅದನ್ನು ಕುಟ್ಟಿ, ಅಕ್ಕಿಹಿಟ್ಟಿನಲ್ಲಿ ಕಲಸಿ, ಅಂಟಲೆಂದು ಬೆಲ್ಲವನ್ನೂ ಸೇರಿಸಿ ಹಸುವಿನ ಮೈತುಂಬ ಒತ್ತಿದೆ. ಅತಿ ಬುದ್ಧಿ ಅಂದರೆ ಇದೇ.

ಬೆಲ್ಲದ ರುಚಿಗೆ ಕರು ತಾಯಿಯ ಮೈಯನ್ನೆಲ್ಲ ನೆಕ್ಕಿತು. ಸಂಜೆಗೆ ಜೊಲ್ಲು ಸುರಿಸಿತು, ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಅಪ್ಪ ಅದರ ಬಾಯಿ ಬಿಡಿಸಿ ನೋಡಿದ. ನಾಲಿಗೆ ನೀಲಿ. ನನ್ನ ಕೈ ನೋಡಿದ. ಬೆರಳೂ ನೀಲಿ.

ಮೈಲುತುತ್ತ ಕದ್ದದ್ದು ಮೇಸ್ತ್ರಿಯ ಕಿವಿಗೆ ಬಿದ್ದರೆ ಕೆಲಸವೂ ಹೋಗುತ್ತಿತ್ತು, ಎಸ್ಟೇಟಿನವರು ಕೊಟ್ಟ ಲೈನಿನ ಮನೆಯೂ ಹೋಗುತ್ತಿತ್ತು. ಅಪ್ಪ ಹಸುವಿನ ಮೈ ತೊಳೆದು ಬಂದು, ಅವ್ವನಿಗೂ ಪಕ್ಕದ ಮನೆಯವರಿಗೂ ಕೇಳುವಂತೆ ಹೇಳಿದ: “ಕರೂಗೆ ಹಾವು ಮುಟ್ಟಿದೆ.”

ಕರುವಿಲ್ಲದೆ ಹಸು ಹಾಲಿಳಿಸುವುದಿಲ್ಲ. ಅದಕ್ಕೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸುತ್ತಾರೆ. ಹಸು ಮೂಸಿ, ನೆಕ್ಕಿ, ತನ್ನದೇ ಎಂದು ನಂಬುತ್ತದೆ. ಅಪ್ಪನೂ ಹಾಗೇ ಮಾಡಿದ. ಆದರೆ ಚರ್ಮದ ಮೇಲೆ ನೀಲಿ ಜೊಲ್ಲು ಒಣಗಿತ್ತು. ಹಸುವೂ ನೆಕ್ಕಿ ಸತ್ತರೆ ಎಂದು ಹೆದರಿ ಹಳ್ಳದಲ್ಲಿ ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದ. ವಿಷದ ಜೊತೆ ಕರುವಿನ ವಾಸನೆಯೂ ಹೋಯಿತು. ಎರಡು ಹೊತ್ತೂ ನಾನು ಆ ಹುಲ್ಲಿನ ಕರುವನ್ನು ಹಿಡಿದು ನಿಂತೆ. ಹಸು ಒಮ್ಮೆ ಮೂಸುತ್ತಿತ್ತು, ಮುಖ ತಿರುಗಿಸುತ್ತಿತ್ತು. ಕೊನೆಗೆ ಕೆಚ್ಚಲು ಬತ್ತಿತು.

ಗಂಜಿನೀರಿನಲ್ಲಿ ಕೂಸು ಹದಿನೈದು ದಿನ ಎಳೆಯಿತು. ಅವ್ವ ಎದ್ದು ಕೂರುವ ಹೊತ್ತಿಗೆ ತೊಟ್ಟಿಲು ಬರಿದಾಗಿತ್ತು. ತಮ್ಮನನ್ನು ಕೊಂದವಳು ನಾನೇ. ಇದನ್ನು ಇವತ್ತಿನವರೆಗೆ ಯಾರ ಮುಂದೆಯೂ ಹೇಳಿಲ್ಲ.

ಮುಂದಿನ ನಾಗರಪಂಚಮಿಗೆ ಲೈನಿನ ಹೆಂಗಸರೆಲ್ಲ ಹುತ್ತಕ್ಕೆ ಹಾಲೆರೆಯಲು ಹೊರಟರು. ಅವ್ವ ಹೊಸಿಲು ದಾಟಲಿಲ್ಲ.

“ನನ್ನ ಮಗೀನ ಹಾಲು ಕುಡ್ದಿದ್ದು ಸಾಲ್ದಾ ಆ ಹಾವ್ಗೆ?” ಎಂದಳು.

ಅಪ್ಪ ಹೂಂ ಎಂದ. ಅವ್ವ ನನ್ನ ಕಡೆ ನೋಡಿದಳು. ನಾನೂ ಹೂಂ ಎಂದೆ.